ಬಳಸುವ ಮೊದಲು ಓದಿ: ಉನ್ನತ ಘಾತದ ಬಲೆಗೊಂದು ಕೈಪಿಡಿ

ಅಭಿನಂದನೆಗಳು! ಉನ್ನತ ಘಾತದ ಫೈನೈಟ್ ಎಲಿಮೆಂಟ್ ಲೈಬ್ರರಿಯೊಂದನ್ನು ನೀವು ಪುಕ್ಕಟೆಯಾಗಿ ಇಳಿಸಿಕೊಂಡಿದ್ದೀರಿ. ದುಡ್ಡು ಕೊಟ್ಟಿಲ್ಲವಾದ್ದರಿಂದ ಕೆಟ್ಟರೆ ಬೈಯಲು ಯಾರೂ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇವೆ. ಲೈಬ್ರರಿ ಎಂದರೆ ನಮಗೆ ಪುಸ್ತಕದ ಕಪಾಟು, ಬೆಂಚಿನ ಮೇಲೆ ಕೂತು ಪೇಪರು ಓದುವ ಹಿರಿಯರು. ಇಲ್ಲಿ ಕಪಾಟಿನಲ್ಲಿರುವುದು ಬೇರೆಯವರು ಬರೆದು, ತಿದ್ದಿ, ಒರೆಗೆ ಹಚ್ಚಿಟ್ಟ ಲೆಕ್ಕದ ತುಣುಕುಗಳು. ಡೀಲ್.ಟೂ, ಎಂಫೆಮ್, ಲಿಬ್‌ಸೀಡ್ ಎಂದೆಲ್ಲ ಹೆಸರಿರುವ ಈ ಕುಟುಂಬಕ್ಕೆ ಕೈಪಿಡಿಗಳು ಬೇಕಾದಷ್ಟಿವೆ. ಆದರೆ ಆಷಾಢದ ಮಳೆಯಲ್ಲಿ, ಅಂಕೋಲೆಯ ಒಂದು ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತವರಿಗೆಂದು ಬರೆದದ್ದು ಯಾವುದೂ ಕಾಣದ್ದರಿಂದ ಇದನ್ನು ಹೊರಡಿಸಲಾಗಿದೆ.

1. ಸರಕಿನ ಪರಿಚಯ

ಮಂಜಗುಣಿಯ ಹತ್ತಿರ ಗಂಗಾವಳಿ ನದಿ ಸಮುದ್ರಕ್ಕೆ ಸೇರುವ ಅಳಿವೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಯಾವ ಜಾಗದಲ್ಲಿ, ಯಾವ ಗಳಿಗೆಯಲ್ಲಿ ನೀರು ಎಷ್ಟು ಜೋರಾಗಿ, ಯಾವ ಕಡೆಗೆ ಹರಿಯುತ್ತದೆ? ಸಮೀಕರಣ ಬರೆಯಬಹುದು. ಆದರೆ ಅದಕ್ಕೆ ಒಂದೇ ಸಾಲಿನ ಉತ್ತರ ಬರೆದುಕೊಟ್ಟವರಿಲ್ಲ. ಹಾಗಾಗಿ ಇಡೀ ಅಳಿವೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಸುಲಭದ ಒಂದು ಬಹುಪದದಿಂದ ಉತ್ತರವನ್ನು ಅಂದಾಜು ಮಾಡಿ, ಅಂಚಿಗೆ ಅಂಚು ಹೊಲಿಯುತ್ತಾರೆ. ಗಣಿತಜ್ಞ ಕೂರಂಟ್ 1943ರಲ್ಲಿ ಈ ದಾರಿ ತೋರಿಸಿದ. ಎಂಜಿನಿಯರ್ ಕ್ಲಫ್ 1960ರಲ್ಲಿ ಇದಕ್ಕೆ ಫೈನೈಟ್ ಎಲಿಮೆಂಟ್ ಎಂದು ನಾಮಕರಣ ಮಾಡಿದ.

ಈ ತುಂಡುಗಳ ಜಾಲಕ್ಕೆ ನಮ್ಮ ಕರಾವಳಿಯಲ್ಲಿ ಮೊದಲಿಂದಲೂ ಹೆಸರಿದೆ: ಬಲೆ. ಒಂದೊಂದು ತುಂಡು ಬಲೆಯ ಒಂದೊಂದು ಕಣ್ಣು. ಉತ್ತರ ಇನ್ನೂ ನಿಖರವಾಗಬೇಕೆಂದರೆ ದಾರಿ ಎರಡು. ಕಣ್ಣು ಕಿರಿದು ಮಾಡುವುದು ಒಂದು. ಕಣ್ಣನ್ನು ಇದ್ದಷ್ಟಕ್ಕೇ ಬಿಟ್ಟು ಅದರೊಳಗಿನ ಬಹುಪದದ ಘಾತ ಏರಿಸುವುದು ಇನ್ನೊಂದು. ಎರಡನೆಯದಕ್ಕೆ ಹೊರಟವರಿಗೆ ಈ ಸರಕು.

2. ಅಳವಡಿಕೆ

ಮೊದಲು ಕರೆಂಟ್ ಇದೆಯೇ ನೋಡಿ. ಇದ್ದರೆ, ಇನ್ನೂ ಎಷ್ಟು ಹೊತ್ತು ಇರುತ್ತದೆಂದು ಯಾರನ್ನೂ ಕೇಳಬೇಡಿ. ಕೇಳಿದ ಕೂಡಲೇ ಹೋಗುವ ಸಂಭವವಿದೆ.

ಕಂಪೈಲ್ ಮಾಡಲು ಕೂತಾಗ, ಬೇಗ ಮುಗಿಯಲೆಂದು ಎಂಟು ಕೆಲಸ ಒಟ್ಟಿಗೆ ನಡೆಸು ಎಂದು ಯಂತ್ರಕ್ಕೆ ಅಪ್ಪಣೆ ಕೊಡಬೇಡಿ. ಡೀಲ್.ಟೂವಿನಂತಹ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಕೆಲವು ಕಡತಗಳು ಒಂದೊಂದೂ ಗಿಗಾಬೈಟ್‌ಗಟ್ಟಲೆ ಮೆಮೊರಿ ಕೇಳುತ್ತವೆ. ಎಂಟು ಗಿಗಾಬೈಟಿನ ಲ್ಯಾಪ್‌ಟಾಪ್ ಎಂಟು ನೆಂಟರಿಗೆ ಒಟ್ಟಿಗೆ ಉಣಬಡಿಸಲಾರದೆ ಅಲ್ಲೇ ಸ್ತಬ್ಧವಾಗುತ್ತದೆ. ಎರಡೆರಡಾಗಿ ಕೂರಿಸಿ. ಊಟ ತಡವಾಗುತ್ತದೆ, ಆದರೆ ಆಗುತ್ತದೆ.

ಈ ಹೊತ್ತಿನಲ್ಲಿ ಫ್ಯಾನಿನ ಸದ್ದು ಒಳಗಿನವರ ಕಿವಿಗೆ ಬೀಳುವುದು ಸಹಜ.

“ತಮಾ, ಆ ಪೆಟ್ಟಿಗೆ ಯಾಕೋ ಹಾಗೆ ಕೂಗ್ತದೆ?”

“ನದಿ ನೀರಿನ ಲೆಕ್ಕ ಹಾಕೂದಕ್ಕೆ ತಯಾರಾಗ್ತಾ ಇದೆ ಆಯಿ.”

“ಅದಕ್ಕೆ ಅಷ್ಟೆಲ್ಲ ಯಾಕೆ? ಮಂಜಗುಣೀಲಿ ದೋಣಿ ಬಿಡೂರನ್ನ ಕೇಳಿದ್ರೆ ಹೇಳ್ತಿದ್ರಪ್ಪ.”

ಇದಕ್ಕೆ ಉತ್ತರ ಕೊಡಲು ಹೋಗಬೇಡಿ. ಆಯಿಯ ಪ್ರಶ್ನೆಯನ್ನು ಕೈಪಿಡಿಯ 9ನೇ ಭಾಗದಲ್ಲಿ ಎತ್ತಿಕೊಳ್ಳಲಾಗಿದೆ.

3. ಬಲೆ ನೇಯುವುದು

ಸಾಧ್ಯವಿದ್ದಲ್ಲೆಲ್ಲ ತ್ರಿಕೋನ ಬಿಟ್ಟು ಚೌಕ ಹಿಡಿಯಿರಿ. ಮೂರು ಆಯಾಮದಲ್ಲಾದರೆ ಇಟ್ಟಿಗೆಯಾಕಾರದ ತುಂಡು. ಕಾರಣ 5ನೇ ಭಾಗದಲ್ಲಿದೆ. ತುಂಡನ್ನು ಎಳೆದು, ಬಗ್ಗಿಸಿ, ದಡಕ್ಕೆ ಹೊಂದಿಸಬಹುದು. ಆದರೆ ಒಳಗು ಹೊರಗಾಗುವಷ್ಟು ತಿರುಚಬೇಡಿ. ಅಂಗಿ ತಿರುವುಮುರುವಾದರೆ ಜನ ನಕ್ಕು ಸುಮ್ಮನಾಗುತ್ತಾರೆ. ಕಣ್ಣು ತಿರುವುಮುರುವಾದರೆ ಜಾಕೋಬಿಯನ್ ಎಂಬ ಗಾತ್ರದ ಅಳತೆ ಋಣವಾಗಿ, ಅಲ್ಲಿ ನೀರಿನ ಗಾತ್ರವೇ ಸೊನ್ನೆಗಿಂತ ಕಡಿಮೆ ಎಂದು ಲೈಬ್ರರಿ ಸಾರುತ್ತದೆ.

ಇನ್ನೊಂದು ಮಾತು. ಬೇಲೇಕೇರಿಯಿಂದ ಕಾರವಾರದವರೆಗೆ ನಮ್ಮ ದಡ ಎಲ್ಲೂ ಗೆರೆ ಎಳೆದಂತೆ ನೆಟ್ಟಗಿಲ್ಲ. ಕೊಲ್ಲಿಯ ಮೇಲೆ ಕೊಲ್ಲಿ. ಒಳಗೆ ಎಂಟನೆಯ ಘಾತದ ಬಹುಪದ ಇಟ್ಟು ಅಂಚಿಗೆ ನೇರ ಗೆರೆ ಹಚ್ಚಿದರೆ, ರೇಷ್ಮೆ ಸೀರೆಗೆ ಗೋಣಿದಾರದ ಸೆರಗು ಕಟ್ಟಿದಂತೆ. ನಿಖರತೆಯೆಲ್ಲ ಅಂಚಿನಲ್ಲೇ ಸೋರಿಹೋಗುತ್ತದೆ. ಒಳಗಿನ ಘಾತಕ್ಕೆ ತಕ್ಕಂತೆ ಅಂಚನ್ನೂ ಬಾಗಿಸಿ.

4. ಘಾತ: ರುಚಿಗೆ ತಕ್ಕಷ್ಟು

ಹೊಸಬರು ಕೇಳುವ ಮೊದಲ ಪ್ರಶ್ನೆ: ಘಾತ ಎಷ್ಟು ಹಾಕಬೇಕು? ಉಪ್ಪಿನಷ್ಟು. 1930ರಲ್ಲಿ ಉಪ್ಪಿಗಾಗಿಯೇ ಸತ್ಯಾಗ್ರಹ ಮಾಡಿದ ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಉಣ್ಣಲಾಗದು.

ಉತ್ತರ ನುಣುಪಾಗಿರುವಲ್ಲಿ ಘಾತ ಏರಿಸಿ. ಬಹುದೂರ ಸಾಗುವ ಅಲೆ, ನಿಧಾನ ಹರಡುವ ಶಾಖ, ಇವೆಲ್ಲ ಉನ್ನತ ಘಾತಕ್ಕೆ ಬೇಗ ಒಲಿಯುತ್ತವೆ. ಒಂದೊಂದು ಘಾತ ಏರಿದಂತೆ ತಪ್ಪು ಗುಣಾಕಾರದಲ್ಲಿ ಇಳಿಯುತ್ತದೆ. ಬಿರುಕು, ಚೂಪು ಮೂಲೆ, ಎರಡು ಬೇರೆ ಪದರಗಳು ಕೂಡುವ ಗಡಿ ಇರುವಲ್ಲಿ ಆಟ ತಿರುಗುತ್ತದೆ. ಅಲ್ಲಿ ಉನ್ನತ ಘಾತದ ಬಹುಪದ ಗಾಬರಿಗೊಂಡು ಮೇಲೆ ಕೆಳಗೆ ಓಲಾಡುತ್ತದೆ. ಅಲ್ಲಿ ಘಾತ ಇಳಿಸಿ, ಕಣ್ಣು ಕಿರಿದು ಮಾಡಿ. ಘಾತವನ್ನೇ ನೆಚ್ಚಿದ ಈ ಪದ್ಧತಿಗೆ ಬಬೂಷ್ಕಾ ಮತ್ತು ಸಂಗಡಿಗರು 1981ರಲ್ಲಿ ಗಣಿತದ ಬುನಾದಿ ಹಾಕಿದರು. ಪಟೇರಾ 1984ರಲ್ಲಿ ಅದನ್ನು ದ್ರವದ ಹರಿವಿಗೆ ಇಳಿಸಿದ.

5. ಹೊರೆ ಹೊರಬೇಡಿ

ಈ ಭಾಗವನ್ನು ಎರಡು ಸಲ ಓದಿ. ಸರಕಿನ ಜೀವ ಇಲ್ಲಿದೆ.

ಹಳೆಯ ಪದ್ಧತಿಯಲ್ಲಿ ಪ್ರತಿ ಕಣ್ಣಿಗೂ ಒಂದು ಮ್ಯಾಟ್ರಿಕ್ಸ್ ಕಟ್ಟಿ, ಎಲ್ಲವನ್ನೂ ಒಟ್ಟುಗೂಡಿಸಿ, ಆ ಮೂಟೆಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಘಾತ ಒಂದು ಇದ್ದಾಗ ಇದು ಹಗುರ. ಘಾತ ಎಂಟಕ್ಕೆ ಏರಿಸಿ ನೋಡಿ. ಇಟ್ಟಿಗೆಯ ಒಂದೊಂದು ದಿಕ್ಕಿಗೆ 9 ಬಿಂದು, ಒಟ್ಟು 729. ಎಲ್ಲ ಬಿಂದುಗಳಿಗೂ ಎಲ್ಲ ಬಿಂದುಗಳ ನಂಟು ಬರೆದರೆ 5,31,441 ಸಂಖ್ಯೆ. ಒಂದಕ್ಕೆ 8 ಬೈಟ್ ಹಿಡಿದರೆ ಒಂದೇ ಇಟ್ಟಿಗೆಗೆ ನಾಲ್ಕು ಮೆಗಾಬೈಟಿನ ಮೇಲೆ. ಸಾವಿರ ಇಟ್ಟಿಗೆಗೆ ನಾಲ್ಕು ಗಿಗಾಬೈಟಿನ ಮೇಲೆ. ಅಳಿವೆಯ ಮಾತಿರಲಿ, ಊರ ಕೆರೆಯೂ ಮುಗಿದಿರುವುದಿಲ್ಲ. ಈಗಿನ ಯಂತ್ರಕ್ಕೆ ಗುಣಿಸುವುದು ಕಷ್ಟವೇ ಅಲ್ಲ. ಗುಣಿಸಬೇಕಾದ ಸಂಖ್ಯೆಯನ್ನು ಮೆಮೊರಿಯಿಂದ ಹೊತ್ತು ತರುವುದೇ ಕಷ್ಟ.

ಪರಿಹಾರವನ್ನು ವಿವರಿಸಲು ಉತ್ತರ ಕನ್ನಡದಲ್ಲಿ ಕಂಪ್ಯೂಟರ್ ಬೇಡ, ಒಂದು ತಾಳಮದ್ದಲೆ ಸಾಕು. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಕರ್ಣ ಏನು ಮಾತಾಡುತ್ತಾನೆ, ಕೃಷ್ಣ ಅದಕ್ಕೆ ಏನೆನ್ನುತ್ತಾನೆ ಎಂಬುದು ಅದರಲ್ಲಿಲ್ಲ. ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಅರ್ಥಧಾರಿ ಅರ್ಥವನ್ನು ಅಲ್ಲೇ ಕಟ್ಟುತ್ತಾನೆ. ನಾಳೆ ರಾತ್ರಿ ಮತ್ತೆ ಹೊಸದಾಗಿ ಕಟ್ಟುತ್ತಾನೆ. ರಾತ್ರಿಯಿಡೀ ಆಡುವ ಮಾತನ್ನು ಬರೆದು ಹೊತ್ತು ತಂದಿದ್ದರೆ ಪುಟ ಹುಡುಕುವುದರಲ್ಲೇ ಬೆಳಗಾಗುತ್ತಿತ್ತು.

ಲೈಬ್ರರಿಯೂ ಅರ್ಥಧಾರಿಯೇ. ಮ್ಯಾಟ್ರಿಕ್ಸನ್ನು ಕಟ್ಟುವುದೇ ಇಲ್ಲ. ಅದು ಮಾಡಬೇಕಾದ ಕೆಲಸವನ್ನು, ಬೇಕಾದಾಗಲೆಲ್ಲ, ಹೊಸದಾಗಿ ಮಾಡುತ್ತದೆ. ಅದೂ ಒಂದೇ ಉಸಿರಿಗಲ್ಲ: ಮೊದಲು ಪೂರ್ವ–ಪಶ್ಚಿಮ, ಆಮೇಲೆ ಉತ್ತರ–ದಕ್ಷಿಣ, ಕೊನೆಗೆ ಮೇಲೆ–ಕೆಳಗೆ. ಮೂರಕ್ಕೂ 9 ಅಡ್ಡಸಾಲು, 9 ಕಂಬಸಾಲಿನ ಒಂದೇ ಪುಟ್ಟ ಕೋಷ್ಟಕ. ಒಟ್ಟು 81 ಸಂಖ್ಯೆ. ಒಂದು ಸುತ್ತಿಗೆ 19,683 ಗುಣಾಕಾರ. ಮೊದಲಿನ 5,31,441ರ ಇಪ್ಪತ್ತೇಳನೆಯ ಒಂದು ಪಾಲು. ಇಂತಹ ಹಲವು ಸುತ್ತು ಬೇಕಾದರೂ ಲಾಭವೇ. ಆರ್ಸ್‌ಝಾಗ್ 1980ರಲ್ಲಿ ತೋರಿಸಿದ ಯುಕ್ತಿ ಇದು. ಚೌಕವನ್ನೂ ಇಟ್ಟಿಗೆಯನ್ನೂ ಹಿಡಿಯಿರಿ ಎಂದದ್ದು ಇದಕ್ಕೇ. ತ್ರಿಕೋನದಲ್ಲಿ ದಿಕ್ಕುಗಳು ಇಷ್ಟು ಸಲೀಸಾಗಿ ಬಿಡಿಬಿಡಿಯಾಗುವುದಿಲ್ಲ.

ಆದರೆ ಗಮನಿಸಿ: ಅರ್ಥಧಾರಿ ಮಾತನ್ನು ಹೊತ್ತು ತರುವುದಿಲ್ಲ, ಪದ್ಯವನ್ನು ಮಾತ್ರ ಮರೆಯುವಂತಿಲ್ಲ. ಮರೆತರೆ ಕಟ್ಟುವುದಕ್ಕೆ ಆಧಾರವೇ ಇಲ್ಲ. ಲೈಬ್ರರಿಯಲ್ಲೂ ಹಾಗೇ. ಪ್ರತಿ ಕಣ್ಣಿನೊಳಗಿನ ಕೆಲವು ಬಿಂದುಗಳಲ್ಲಿ ಆ ಜಾಗದ ಆಕಾರ ಎಂಥದು, ಅಲ್ಲಿರುವ ವಸ್ತುವಿನ ಗುಣ ಎಂಥದು ಎಂದು ಬರೆದಿಡಬೇಕು. ಲಿಬ್‌ಸೀಡ್‌ನವರು ಈ ಭಾಗಕ್ಕೆ ಡಿ ಎಂಬ ಒಂದೇ ಅಕ್ಷರ ಕೊಟ್ಟಿದ್ದಾರೆ. ಘಾತ ಒಂದೇ ಆಗಿದ್ದರೆ ಆ ಪುಟ್ಟ ಕೋಷ್ಟಕ ಯಾವ ಊರಿನ ಲೆಕ್ಕಕ್ಕೂ ಒಂದೇ. ನಿಮ್ಮ ಊರು ಇರುವುದು ಈ ಡಿಯಲ್ಲಿ.

6. ರಂಪಣಿ ಎಳೆಯುವುದು

ಒಂದು ಯಂತ್ರಕ್ಕೆ ಮೀರಿದ ಲೆಕ್ಕವನ್ನು ಸಾವಿರ ಯಂತ್ರ ಹಂಚಿಕೊಳ್ಳುತ್ತವೆ. ದಡದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದರಲ್ಲಿ ಹೊಸತೇನಿಲ್ಲ. ಬಲೆ ಒಂದೇ, ಕೈ ಹಲವು. ಎಲ್ಲರೂ ಎಲ್ಲರ ಜೊತೆ ಮಾತಾಡಬೇಕಿಲ್ಲ, ಪಕ್ಕದವನ ಎಳೆತಕ್ಕೆ ಹೊಂದಿಕೊಂಡರೆ ಸಾಕು. ಯಂತ್ರಗಳೂ ತಮ್ಮ ಪಾಲಿನ ಅಂಚಿನ ಸಂಖ್ಯೆಗಳನ್ನಷ್ಟೇ ಪಕ್ಕದವರಿಗೆ ಕಳಿಸುತ್ತವೆ. ಎಳೆಯುವವರು ಸಾಮಾನ್ಯ ಪ್ರೊಸೆಸರೋ ಜಿಪಿಯುವೋ ಎಂಬುದನ್ನು ಲಿಬ್‌ಸೀಡ್‌ನಲ್ಲಿ ಒಂದೇ ಹೆಸರು ಬದಲಿಸಿ ತಿಳಿಸಬಹುದು. ಬರೆದ ಪ್ರೋಗ್ರಾಮು ಹಾಗೇ ಉಳಿಯುತ್ತದೆ.

ಈ ರಂಪಣಿಯ ದೊಡ್ಡ ಎಳೆತವೊಂದರಲ್ಲಿ ನಮ್ಮವರ ಕೈಯೂ ಇತ್ತು. ಮಿಶಿಗನ್ ವಿಶ್ವವಿದ್ಯಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರ ತಂಡಕ್ಕೆ 2023ರ ಗಾರ್ಡನ್ ಬೆಲ್ ಪ್ರಶಸ್ತಿ ಬಂತು. ವಿಕ್ರಮ್ ಗವಿನಿ ಅದರ ಮುಂದಾಳು. ಬೆಂಗಳೂರಿನ ಕಡೆಯಿಂದ ಫಣಿ ಮೋಟಮರ್ರಿ. ಅವರ ಡಿಎಫ್‌ಟಿ-ಎಫ್‌ಇ ಎಂಬ ತಂತ್ರಾಂಶ ಡೀಲ್.ಟೂ ಮೇಲೆಯೇ ನಿಂತ ಉನ್ನತ ಘಾತದ ಬಲೆ. ಅದು ಹಿಡಿಯುವ ಮೀನು ಎಲೆಕ್ಟ್ರಾನ್. ಫ್ರಾಂಟಿಯರ್ ಎಂಬ ಯಂತ್ರದ 8,000 ನೋಡ್‌ಗಳನ್ನು ಹೂಡಿ 6,19,124 ಎಲೆಕ್ಟ್ರಾನ್‌ಗಳ ಲೆಕ್ಕವನ್ನು 659.7 ಪೆಟಾಫ್ಲಾಪ್ ವೇಗದಲ್ಲಿ ನಡೆಸಿದರು. ಬೆಂಗಳೂರಿನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ ಎಂದರೆ ಅಳತೆ ಸಿಕ್ಕೀತು.

ಇಲ್ಲೊಂದು ಅಪವಾದವೂ ಇದೆ. ಡಿಎಫ್‌ಟಿ-ಎಫ್‌ಇಯಲ್ಲಿ ಪ್ರತಿ ಕಣ್ಣಿನ ಪುಟ್ಟ ಮ್ಯಾಟ್ರಿಕ್ಸನ್ನು ಕಟ್ಟಿಟ್ಟುಕೊಳ್ಳುವುದುಂಟು. ಅಲ್ಲಿ ಗುಣಿಸಲು ಸಂಖ್ಯೆಗಳ ಒಂದು ಪಟ್ಟಿಯಲ್ಲ, ಸಾವಿರಾರು ಪಟ್ಟಿಗಳು ಒಟ್ಟಿಗೆ ಸರದಿಯಲ್ಲಿ ನಿಂತಿರುತ್ತವೆ. ಒಮ್ಮೆ ಹೊತ್ತು ತಂದದ್ದು ಸಾವಿರ ಸಲ ಬಳಕೆಗೆ ಬರುವುದಾದರೆ ಹೊರಬಹುದು.

7. ದೋಷ ಪರಿಹಾರ

ಉತ್ತರ ಬರುತ್ತಲೇ ಇಲ್ಲ, ಸುತ್ತು ಸುತ್ತುತ್ತಲೇ ಇದೆ: ಘಾತ ಏರಿದಷ್ಟೂ ಸಮೀಕರಣ ಹಟಮಾರಿಯಾಗುತ್ತದೆ. ಎಂಟರಿಂದ ನಾಲ್ಕು, ನಾಲ್ಕರಿಂದ ಎರಡು, ಎರಡರಿಂದ ಒಂದು ಎಂದು ಮೆಟ್ಟಿಲಿಳಿದು, ಕೆಳಗೆ ಸುಲಭವಾಗಿ ಬಿಡಿಸಿ, ಮತ್ತೆ ಮೇಲೆ ಹತ್ತಿ. ಇದಕ್ಕೆ ಮಲ್ಟಿಗ್ರಿಡ್ ಎನ್ನುತ್ತಾರೆ.

ಉತ್ತರ ಬಂತು, ನದಿ ಘಟ್ಟ ಹತ್ತುತ್ತಿದೆ: ಎಲ್ಲೋ ಒಂದು ಋಣಚಿಹ್ನೆ ಬಿಟ್ಟಿದ್ದೀರಿ.

ಉತ್ತರ ಬಂತು, ಚಂದವೂ ಇದೆ, ಬಣ್ಣಬಣ್ಣವಾಗಿದೆ: ಅತ್ಯಂತ ಅಪಾಯದ ದೋಷ. ಕೂಡಲೇ 9ನೇ ಭಾಗ ನೋಡಿ.

8. ವಾರಂಟಿ

ಇಲ್ಲ. ತಮಾಷೆಗೆ ಹೇಳಿದ್ದಲ್ಲ. ಈ ಕುಟುಂಬದ ಎಲ್ಲ ಲೈಬ್ರರಿಗಳ ಪರವಾನಗಿಯಲ್ಲೂ ಇದೇ ಬರೆದಿದೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ. ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾವು ದುಡ್ಡು ಕೊಟ್ಟು ತಂದ ಯಾವ ಮಿಕ್ಸರಿನ ಪೆಟ್ಟಿಗೆಯ ಮೇಲೂ ಓದಿಲ್ಲ.

9. ಎಚ್ಚರಿಕೆ

2024ರ ಜುಲೈ 16ರಂದು, ನಮ್ಮದೇ ತಾಲೂಕಿನ ಶಿರೂರಿನಲ್ಲಿ, ಮಳೆಯಲ್ಲಿ ನೆನೆದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ಜೀವಗಳು ಹೋದವು. ಇಲ್ಲಿ ಈ ಕೈಪಿಡಿ ತಮಾಷೆ ನಿಲ್ಲಿಸುತ್ತದೆ.

ಗುಡ್ಡ ನಿಲ್ಲುತ್ತದೋ ಜಾರುತ್ತದೋ ಎಂಬ ಲೆಕ್ಕಕ್ಕೂ ಫೈನೈಟ್ ಎಲಿಮೆಂಟ್ ಬಳಸುತ್ತಾರೆ. ಆ ಲೆಕ್ಕ ಕೇಳುವುದೇನು? ಮಣ್ಣಿನ ಅಂಟು ಎಷ್ಟು, ಕಣಕ್ಕೆ ಕಣ ಉಜ್ಜುವ ಬಿಗಿ ಎಷ್ಟು, ಕೆಂಪುಕಲ್ಲಿನ ಪದರ ಎಲ್ಲಿ ಮುಗಿದು ಜೇಡಿ ಎಲ್ಲಿ ಶುರುವಾಗುತ್ತದೆ, ಒಳಗೆ ನೀರು ಎಷ್ಟು ಒತ್ತುತ್ತಿದೆ, ಬುಡವನ್ನು ಎಷ್ಟು ಕಡಿದಿದ್ದಾರೆ. ಇವೆಲ್ಲ ಆ ಡಿಯೊಳಗೆ ಬರೆಯಬೇಕಾದ ಸಂಖ್ಯೆಗಳು. ಅಳೆಯದೆ ಅಂದಾಜಿನಿಂದ ತುಂಬಿದರೂ ಲೈಬ್ರರಿ ತಕರಾರು ಮಾಡುವುದಿಲ್ಲ. ತಪ್ಪು ಉತ್ತರವನ್ನು ಹತ್ತು ದಶಮಾಂಶದವರೆಗೆ ನಿಖರವಾಗಿ ಕೊಡುತ್ತದೆ, ಬಣ್ಣ ಹಚ್ಚಿ.

ಮತ್ತೆ ಕಟ್ಟಬಹುದಾದದ್ದನ್ನು ಹೊರಬೇಡ ಎನ್ನುವುದು ಲೈಬ್ರರಿಯ ಜಾಣತನ. ಮತ್ತೆ ಕಟ್ಟಲಾಗದ್ದನ್ನು ಕೈಬಿಡಬೇಡ ಎನ್ನುವುದು ಬಳಸುವವನ ಜವಾಬ್ದಾರಿ. ಮ್ಯಾಟ್ರಿಕ್ಸನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಲೆಕ್ಕ ಹಾಕಬಹುದು. ಕುಸಿದ ಗುಡ್ಡ ಕುಸಿಯುವ ಮೊದಲು ಹೇಗಿತ್ತು ಎಂಬುದನ್ನು ಯಾವ ಯಂತ್ರವೂ ಹೊಸದಾಗಿ ಅಳೆಯಲಾರದು.

ಆಯಿ ಹೇಳಿದ್ದೂ ಇದನ್ನೇ. ಮಂಜಗುಣಿಯ ದೋಣಿಯವರಿಗೆ ನೀರಿನ ಸಮೀಕರಣ ಗೊತ್ತಿಲ್ಲದಿರಬಹುದು. ಯಾವ ತಿಂಗಳಲ್ಲಿ ಸೆಳೆತ ಎಲ್ಲಿರುತ್ತದೆ, ಮರಳು ಯಾವ ಕಡೆ ಕೂತಿದೆ ಎಂಬುದು ಗೊತ್ತು. ಅದು ಅವರ ತಲೆಯಲ್ಲಿದೆ, ಯಾವ ಕಡತದಲ್ಲೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಮೊದಲು ಹೋಗಿ ಕೇಳಿ. ಈ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಮನೆಯ ಹಿಂದಿನ ಧರೆಯಲ್ಲಿ ಒರತೆ ಎಲ್ಲೆಲ್ಲಿ ಏಳುತ್ತದೆ ಎಂದು ನೋಡಿ, ತಾರೀಖು ಹಾಕಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಲೈಬ್ರರಿಯನ್ನು ಆಮೇಲೆ ಇಳಿಸಿಕೊಂಡರಾಯಿತು.