ಕೈಚಳಕದ ಆಟ

(ನೌಬಾದದ ಚಹಾ ಅಂಗಡಿ. ಕಾಕಾ, ಪಿಯುಸಿ ಓದೋ ಪೋರ.)

ಪೋರ: ಕಾಕಾ, 1986ರ ವರ್ಲ್ಡ್ ಕಪ್ ಟಿವಿಯಾಗ ನೋಡೀರೇನ್ರಿ?

ಕಾಕಾ: ನೋಡಲಾರದ ಏನೋ! ಮಾಳಗಿ ಮ್ಯಾಲ ಒಬ್ಬ ಆಂಟೆನಾ ತಿರುವ್ತಿದ್ದ, ಕೆಳಗ ಓಣಿ ಮಂದಿ 'ಬಂತು, ಹೋತು' ಅಂತಿದ್ರು. ಬಾಲಿಗಿಂತ ಚುಕ್ಕಿನೇ ಹೆಚ್ಚು.

ಪೋರ: ಮರಡೋನಾ ಇಂಗ್ಲೆಂಡಿಗೆ ಕೈಲಿಂದ ಗೋಲ್ ಹೊಡದನಂತ?

ಕಾಕಾ: ಹೂಂ. ಅಲ್ಲಿ ಕೈ ಗೆದ್ದಿತು. ಇಲ್ಲಿ ಹಿಂದಿನ ವರ್ಷನೇ ಇಲೆಕ್ಷನ್‌ದಾಗ ಹೆಗಡೆಯವ್ರು ಕಾಂಗ್ರೆಸ್ಸಿನ ಕೈ ಸೋಲಿಸಿದ್ರು.

ಪೋರ: ಮುಂದ?

ಕಾಕಾ: 1989ಕ್ಕ ಕೈಗೆ 178 ಗೋಲು! ಆಮ್ಯಾಲ ಐದು ವರ್ಷದಾಗ ಮೂರು ಕ್ಯಾಪ್ಟನ್: ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯ್ಲಿ.

ಪೋರ: ರೆಫ್ರಿ ಎಲ್ಲಿದ್ದಾರಿ?

ಕಾಕಾ: ದಿಲ್ಲ್ಯಾಗ ಕುಂತು ಸೀಟಿ ಊದ್ತಿದ್ರು.

ಪೋರ: ಬಾಲ್?

ಕಾಕಾ: (ಬಸಿಯಾಗಿನ ಚಹಾ ಸುರ್ರ್ ಅನಿಸಿ) ನಾವೇ ಅಲ್ಲೇನೋ ತಮ್ಮಾ!