ಕಾರಿನ ಗೀರು: ಮಾಲೀಕರ ಕೈಪಿಡಿ

ಈ ಕೈಪಿಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಓಡಾಡುವ ಎಲ್ಲ ಕಾರುಗಳಿಗೂ ಅನ್ವಯಿಸುತ್ತದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಗೀರುಗಳು ಮಾತ್ರ ಹಳೆಯ ವಿಳಾಸದಲ್ಲೇ ಇವೆ. ಸಾಲ ತೀರದ ಕಾರಿನ ಮೇಲೆ ಗೀರು ಇನ್ನೂ ಆಳವಾಗಿ ಕಾಣುತ್ತದೆ. ಅದಕ್ಕೆ ಇಲ್ಲಿ ಮದ್ದಿಲ್ಲ.

ಹಂತ 1: ಗೀಚಿದವರು ಯಾರು?

ದುರಸ್ತಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೂ ಇದನ್ನು ಇತ್ಯರ್ಥ ಮಾಡದೆ ಯಾವ ಮಾಲೀಕನೂ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಕೈಪಿಡಿಯಲ್ಲೇ ಜಾಗ ಕೊಟ್ಟಿದ್ದೇವೆ. ಬಾಗಿಲಿನ ಹಿಡಿಯ ಎತ್ತರದಲ್ಲಿ ಅಡ್ಡಕ್ಕೆ ಒಂದೇ ಗೆರೆ ಇದ್ದರೆ ಪೇಟೆ ಬೀದಿಯ ಸ್ಕೂಟರು. ಅದರ ಬ್ರೇಕ್ ಲಿವರಿನ ಕೆಲಸ. ಎಡಗಡೆ ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳಿದ್ದರೆ ಮಾಗಡಿ ಕಡೆಯ ಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಡಲು ಲಂಟಾನ ಪೊದೆಗೆ ಒರಗಿದ್ದೀರಿ. ಬಾನೆಟ್ಟಿನ ಮೂತಿಯಲ್ಲಿ ಸಾಸಿವೆ ಗಾತ್ರದ ಚುಕ್ಕಿಗಳಿದ್ದರೆ ಕನಕಪುರ ರಸ್ತೆಯಲ್ಲಿ ಜಲ್ಲಿ ಲಾರಿಯ ಬೆನ್ನಿಗೇ ಅಂಟಿಕೊಂಡು ಹೋಗಿದ್ದೀರಿ. ಟಾಪಿನಿಂದ ಮುಂದಿನ ಗಾಜಿನವರೆಗೆ ಯಾರೋ ಜಾರಿ ಇಳಿದ ಗುರುತಿದ್ದರೆ ಅದು ರಾಮದೇವರ ಬೆಟ್ಟದ ಕೋತಿ. ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು, ಸರಿ. ರಣಹದ್ದು ನಿಮ್ಮ ಕಾರಿನ ತಂಟೆಗೆ ಬರುವುದಿಲ್ಲ. ಮಾವಿನ ಮರದಡಿ ನಿಲ್ಲಿಸಿದ ಕಾರಿನ ಮೇಲಿನ ಕಂದು ಕಲೆ ಗೀರಲ್ಲ, ಸೊನೆ. ಅವತ್ತೇ ತೊಳೆಯದಿದ್ದರೆ ಅದೂ ಬಣ್ಣ ತಿನ್ನುತ್ತದೆ.

ಇನ್ನು ಸುಗ್ಗಿ. ರಸ್ತೆಗೆ ಹರಡಿದ ರಾಗಿ, ಹುರುಳಿಯ ಮೇಲೆ ಕಾರು ಓಡಿಸಿದ್ದಕ್ಕೆ ಮೈಮೇಲೆ ಗೀರು ಬೀಳುವುದಿಲ್ಲ. ಮನೆಗೆ ಬಂದು ಆ ಹೊಟ್ಟು, ಧೂಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿದಾಗ ಬೀಳುತ್ತದೆ. ಬಿಸಿಲಿಗೆ ಹಿಡಿದರೆ ಕಾಣುವ ಸುತ್ತು ಸುತ್ತು ಗೆರೆಗಳ ಕರ್ತೃ ತಾವೇ. ತನಿಖೆ ಇಲ್ಲಿಗೆ ಮುಗಿಸುವುದು ಒಳ್ಳೆಯದು.

ಹಂತ 2: ಆಳ

ಕಾರನ್ನು ನೀರು, ಕಾರ್ ಶಾಂಪೂ ಹಾಕಿ ತೊಳೆಯಿರಿ. ಗೀರಿನ ಮೇಲೆ ನೀರು ಇದ್ದಾಗ ಅದು ಮಾಯವಾಗಿ, ಒಣಗಿದ ಮೇಲೆ ಮತ್ತೆ ಮೂಡಿದರೆ ನೀವು ಪುಣ್ಯವಂತರು: ಗಾಯ ಮೇಲಿನ ಕ್ಲಿಯರ್ ಕೋಟಿನಲ್ಲಷ್ಟೇ ಇದೆ. ಆಮೇಲೆ ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಮನೆಯಲ್ಲೇ ಆಗುವ ಕೆಲಸ. ಸಿಕ್ಕಿಕೊಂಡರೆ ಗೀರು ಬಣ್ಣಕ್ಕೆ ಇಳಿದಿದೆ. ಒಳಗೆ ತಗಡು ಮಿನುಗಿದರೆ ಮಳೆಗಾಲಕ್ಕೆ ಮುಂಚೆ ಪ್ರೈಮರ್ ಹಚ್ಚಲೇಬೇಕು, ಇಲ್ಲವಾದರೆ ತುಕ್ಕು.

ಇಲ್ಲಿ ಒಂದು ಲೆಕ್ಕ ಬೇಕು. ತಗಡಿನ ಮೇಲಿನ ಎಲ್ಲ ಪದರ ಸೇರಿದರೂ ಸುಮಾರು 100 ಮೈಕ್ರಾನ್, ಹೆಚ್ಚುಕಮ್ಮಿ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟು ಅರ್ಧಕ್ಕಿಂತ ಕಡಿಮೆ. ನಿಮ್ಮ ಸಾಹಸವೆಲ್ಲ ಆ ಅರ್ಧ ಹಾಳೆಯೊಳಗೇ ನಡೆಯಬೇಕು.

ಹಂತ 3: ಸಲಹೆಗಾರರು

ಬಕೆಟ್ಟು ಅಂಗಳಕ್ಕೆ ಬಂದ ಕೂಡಲೇ ಇವರೂ ಬರುತ್ತಾರೆ. "ಅಣ್ಣ, ಟೂತ್‌ಪೇಸ್ಟ್ ಹಚ್ಚಿ ಉಜ್ಜಣ್ಣ, ಸಾಕು" ಎನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇದೆ, ತೀರ ಮೇಲುಮೇಲಿನ ಗೆರೆ ಮಸುಕಾಗಬಹುದು. ಕೊಬ್ಬರಿ ಎಣ್ಣೆಯ ಪಂಗಡದವರ ಗೀರು ಮುಂದಿನ ವಾಷಿಂಗಿನವರೆಗೆ ಮಾತ್ರ ಗುಣವಾಗಿರುತ್ತದೆ. ಭಾವಮೈದುನ ತೆಂಗಿನ ನಾರು ಹಿಡಿದು ಬಂದರೆ ಕಾಫಿ ಕೊಟ್ಟು ಕೂರಿಸಿ.

ಹಂತ 4: ಉಜ್ಜುವುದು

ನೆರಳಿನಲ್ಲಿ, ತಣ್ಣಗಿನ ಮೈಮೇಲೆ, ಮೈಕ್ರೋಫೈಬರ್ ಬಟ್ಟೆಗೆ ಬಟಾಣಿಯಷ್ಟು ರಬ್ಬಿಂಗ್ ಕಾಂಪೌಂಡ್. ಹಗುರವಾಗಿ ಉಜ್ಜಿ, ಒರೆಸಿ, ನೋಡಿ. ಕೊನೆಗೆ ಪಾಲಿಶ್. ಶೇಕಡಾ ನೂರು ಹೋಗಲೇಬೇಕೆಂಬ ಹಟ ಹುಟ್ಟುವುದು ಇಲ್ಲೇ. ಗೀರು ಎಂದರೆ ಪದರ ಕಿತ್ತುಹೋದ ಜಾಗ. ಅದನ್ನು ಕಾಂಪೌಂಡು ತುಂಬುವುದಿಲ್ಲ, ಸುತ್ತಲಿನದನ್ನು ಸವೆಸಿ ಅದರ ಮಟ್ಟಕ್ಕೆ ಇಳಿಸುತ್ತದೆ. ಮುಕ್ಕಾಲು ಭಾಗ ಹೋಗಿದ್ದರೆ ಕೈ ತೊಳೆದುಕೊಳ್ಳಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತತೊಡಗಿದರೆ ಕ್ಲಿಯರ್ ಕೋಟು ಮುಗಿದಿದೆ. ಇನ್ನು ನಿಮಗೆ ಪೇಂಟಿಂಗ್ ಶಾಪೇ ಗತಿ.

ಉಜ್ಜಿದರೆ ಸವೆಯುತ್ತದೆ ಎಂಬುದನ್ನು ಒಪ್ಪಲು ಚನ್ನಪಟ್ಟಣದವರಿಗೆ ಕಷ್ಟ. ಅವರ ಊರಿನಲ್ಲಿ ಗೊಂಬೆ ಮಾಡಲು ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಅಲ್ಲಿ ಉಜ್ಜಿದರೆ ಬಣ್ಣ ಹತ್ತುತ್ತದೆ, ಇಲ್ಲಿ ಇಳಿಯುತ್ತದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದ್ದ ಮಾತ್ರಕ್ಕೆ ಅದರ ವಿದ್ಯೆಯೂ ನಮಗೆ ಬರುವುದಿಲ್ಲ: ಕಾರ್ಖಾನೆಗಳಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟು ಹರಿಸಿ, ಮೇಲಿನ ಕೋಟುಗಳನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ರಾಮನಗರದ ಬಂಡೆಗಳ ನಡುವೆ ಏಪ್ರಿಲ್‌ನಲ್ಲಿ ನಿಂತವರಿಗೆ ಅಷ್ಟು ಬಿಸಿಲು ಇದೆ ಎನಿಸಬಹುದು, ಇಲ್ಲ.

ಹಂತ 5: ಬಣ್ಣ ತುಂಬುವುದು

ಉಗುರು ಸಿಕ್ಕಿಕೊಂಡವರಿಗೆ ಮಾತ್ರ. ಬಿಳಿ ಎಂದು ಹೇಳಿ ಬಿಳಿ ತರಬೇಡಿ. ಡ್ರೈವರ್ ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಒಳಗೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಪರ್ಲ್ ಬಿಳಿಯಾದರೆ ಆಸೆ ಕಡಿಮೆ ಮಾಡಿಕೊಳ್ಳಿ, ಅದು ಎರಡು ಮೂರು ಪದರದ ಮಾಯೆ. ಗೀರನ್ನು ಸ್ಪಿರಿಟ್ಟಿನಲ್ಲಿ ಒರೆಸಿ (ಅದೇ ಬಟ್ಟೆಯಲ್ಲಿ ಕನ್ನಡಿಗೆ ನೇತುಹಾಕಿದ ಚನ್ನಪಟ್ಟಣದ ಗೊಂಬೆಯನ್ನು ಒರೆಸಬೇಡಿ, ಅರಗು ಸ್ಪಿರಿಟ್ಟಿಗೆ ಕರಗುತ್ತದೆ), ತಗಡು ಕಂಡಿದ್ದರೆ ಮೊದಲು ಪ್ರೈಮರ್ ಹಚ್ಚಿ, ಸಣ್ಣ ಕುಂಚದಿಂದ ಬಣ್ಣವನ್ನು ಗೀರಿನ ಒಳಗಷ್ಟೇ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಸಲ. ಮೇಲೆ ಕ್ಲಿಯರ್. ಕೆಲವು ದಿನ ಬಿಟ್ಟು 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಬ್ಬನ್ನು ತೀಡಿ. ಹತ್ತಿರ ಬಂದು ಬಗ್ಗಿ ನೋಡಿದವರಿಗೆ ಆಮೇಲೂ ಕಾಣುತ್ತದೆ. ಬಗ್ಗಿ ನೋಡುವ ನೆಂಟರನ್ನು ದೀಪ ಹಚ್ಚಿದ ಮೇಲೆ ಊಟಕ್ಕೆ ಕರೆಯಿರಿ.

ಗೀರು ಬಂಪರಿನ ಮೇಲಿದ್ದರೆ ಈ ಹಂತವನ್ನೇ ಬಿಡಬಹುದು. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಇನ್ಶೂರೆನ್ಸ್ ಕ್ಲೈಮ್ ಮಾಡೋಣವೆಂದರೆ ಕ್ಲೈಮ್ ಇಲ್ಲದ ಐದು ವರ್ಷಕ್ಕೆ ಶೇ. 50ರವರೆಗೆ ಬೆಳೆದ ಬೋನಸ್ ಒಂದೇ ಏಟಿಗೆ ಹೋಗುತ್ತದೆ.

ಉಳಿದ ಬಣ್ಣ

ಶೀಶೆಯಲ್ಲಿ ಮುಕ್ಕಾಲು ಭಾಗ ಉಳಿದೇ ಉಳಿಯುತ್ತದೆ. ಬಿಸಿಲು ಬೀಳದ ಕಡೆ ಇಡಿ. ಎದುರುಮನೆಯವರು ಬಂದು, "ನಮ್ದೂ ಬಿಳೀನೇ ಸಾರ್, ಒಂಚೂರು ಕೊಡ್ತೀರಾ?" ಎಂದರೆ ಅವರ ಕೋಡ್ ಕೇಳಿ. ಬೇರೆಯಾಗಿದ್ದರೂ ಕೊಡಿ: ಬೆಳಿಗ್ಗೆ ಅವರ ಸ್ಕೂಟರು ನಿಮ್ಮ ಕಾರಿನ ಪಕ್ಕದಲ್ಲೇ ನಿಂತಿರುತ್ತದೆ.