ಬಚ್ಚಲಿನ ಮುಳ್ಳು: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಕೆರೆಬಿಳಚಿಯ ಬಚ್ಚಲುಮನೆಯೊಂದನ್ನು ಪಠ್ಯವಾಗಿಟ್ಟುಕೊಂಡು, ಗೀಸರಿನ ಶಾಖಮಾಪಕ ಮತ್ತು ಬೆಂಗಳೂರಿನ ಅಳಿಯ ಅಕ್ಕರೆಯಿಂದ ಕೂಡಿಸಿಕೊಟ್ಟ ಒತ್ತಡಮಾಪಕ ಇವೆರಡರ ಮುಳ್ಳುಗಳು ಕಟ್ಟಿಕೊಡುವ ಸಂಕಥನದೊಂದಿಗೆ ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುತ್ತದೆ. ಅಧ್ಯಯನದ ವ್ಯಾಪ್ತಿ: ಆರಡಿ ಉದ್ದ, ನಾಲ್ಕಡಿ ಅಗಲ. ಮಿತಿ: ಕರೆಂಟ್ ಇದ್ದಾಗ ಮಾತ್ರ.

ಪೂರ್ವಸೂರಿಗಳು. ಪ್ಯಾರಿಸ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಒತ್ತಡಮಾಪಕಕ್ಕೆ ಪೇಟೆಂಟ್ ಪಡೆದ. ಬಾಗಿದ ಚಪ್ಪಟೆ ಕೊಳವೆಯೊಳಗೆ ಒತ್ತಡ ಏರಿದರೆ ಅದು ನೆಟ್ಟಗಾಗಲು ಹವಣಿಸುತ್ತದೆ, ಜೊತೆಗೆ ಮುಳ್ಳನ್ನೂ ಎಳೆಯುತ್ತದೆ. ಊದಿದರೆ ಬಿಚ್ಚಿಕೊಳ್ಳುವ ಜಾತ್ರೆಯ ಕಾಗದದ ಪೀಪಿ ಇದರ ದೇಸಿ ಪ್ರತಿರೂಪ. ಇನ್ನು ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ಸೂಚಿಸಿದ ಅಳತೆಯಲ್ಲಿ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಆಮೇಲೆ ಅದನ್ನು ತಿರುವುಮುರುವು ಮಾಡಿದರು. ಆ ಸುದ್ದಿ ನಮ್ಮ ಗೀಸರಿಗೆ ಇನ್ನೂ ಮುಟ್ಟಿಲ್ಲ. ನೀರು ಕಾದಂತೆಲ್ಲ ಮುಳ್ಳು ಇಳಿಯುತ್ತದೆ.

ವರ್ಗೀಕರಣ. ಮುಳ್ಳುಗಳಲ್ಲಿ ಏಳು ಬಗೆ. ಒಂದು, ಸ್ಥಾವರ: ಬೋರ್ ನೀರಿನ ಸುಣ್ಣ ಮಾಪಕದ ಬಾಯಿಗೆ ಕಟ್ಟಿ ಇದ್ದಲ್ಲೇ ಇರುವಂಥದು. ಎರಡು, ಜಂಗಮ: ಗಾಜಿನ ಮೇಲೆ ಬೆರಳಿಂದ ತಟ್ಟಿದರೆ ನಡೆಯುವಂಥದು. ಮೂರು, ನಿರಾಕಾರ: ಗಾಜಿನೊಳಗೇ ಹಬೆ ಕೂತು ಕಾಣದಂಥದು. ಉಳಿದ ನಾಲ್ಕನ್ನು ಮಾರ್ಗದರ್ಶಕರು ಹಟ ಹಿಡಿದರೆ ಸೇರಿಸಲಾಗುವುದು.

ತಣ್ಣೀರು ಬರುವ ಪೈಪಿನ ಮೇಲೆ ಕೂತ ಒತ್ತಡದ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. "ಮೀಟ್ರು ಹೋಗೈತ್ರೀ, ಹೊಸದು ಹಾಕ್ಬೇಕು" ಅಂದ ರಿಪೇರಿಯವನು. ಹಾಕಿದ. ಅದೂ ಸೊನ್ನೆ. "ಇದೂ ಡಿಫೆಕ್ಟ್ ಪೀಸು" ಅಂದ. ತಾರಸಿಯ ಸಿಂಟೆಕ್ಸ್ ಗೀಸರಿಗಿಂತ ಹತ್ತಡಿ ಮೇಲಿದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಹತ್ತಡಿಗೆ ಅದರ ಮೂರನೇ ಒಂದು ಪಾಲೂ ಇಲ್ಲ. 10ರವರೆಗೆ ಗೀಟೆಳೆದ ಮಾಪಕದಲ್ಲಿ ಅಷ್ಟು ಕಾಣುವುದೆಲ್ಲಿಂದ? ಪಾಪ, ಎರಡೂ ಮುಳ್ಳು ಹೆಚ್ಚುಕಡಿಮೆ ನಿಜವನ್ನೇ ಹೇಳಿದ್ದವು.

ಇಲ್ಲಿಗೆ ಪರಿಭಾಷೆ ಸಾಕು. ಅವನು ಹೋಗುವ ಮುಂಚೆ ಗೀಸರಿನ ಕೆಳಗೆ ಬಗ್ಗಿ ನೋಡಿದ. ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು. "ಲೀಕ್ ಐತಿ" ಅಂತ ಟೆಫ್ಲಾನ್ ಟೇಪ್ ಸುತ್ತಿ, ಡಮ್ಮಿ ಬಿಗಿದು, ಅದಕ್ಕೂ ದುಡ್ಡು ಎಣಿಸಿಕೊಂಡ. 15 ಲೀಟರ್ ನೀರು 25 ಡಿಗ್ರಿಯಿಂದ 75ಕ್ಕೆ ಕಾದರೆ ಸುಮಾರು ಮೂರನೇ ಒಂದು ಲೀಟರ್ ಹಿಗ್ಗುತ್ತದೆ. ವಾಲ್ವ್ ಅದನ್ನು ಹಿಂದಕ್ಕೆ ಬಿಡುವುದಿಲ್ಲ, ಹೊರಗೆ ತೊಟ್ಟಿಕ್ಕಿಸುತ್ತದೆ. ಅದರ ಕೆಲಸವೇ ಅದು! ಥರ್ಮೋಸ್ಟಾಟೂ ಕಟೌಟೂ ಎರಡೂ ಕೈಕೊಟ್ಟ ದಿನ ಟ್ಯಾಂಕು ಸಿಡಿಯದಂತೆ ಕಾಯುವುದು ಅದೇ. ನಾವಿರುವುದು ಸೂಳೆಕೆರೆಯ ಮಗ್ಗುಲಲ್ಲಿ. ಕೆರೆಗೆ ಕೋಡಿ ಯಾಕೆ ಅಂತ ಇಲ್ಲಿ ಕುರಿ ಕಾಯುವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಕೋಡಿ ಬಿದ್ದರೆ ಬಾಗಿನ ಕೊಡುತ್ತೇವೆಯೇ ಹೊರತು, ಕೆರೆ ಸೋರುತ್ತಿದೆಯೆಂದು ಸಿಮೆಂಟು ಮೆತ್ತುವುದಿಲ್ಲ.

ಅಜ್ಜಿಯ ತಾಮ್ರದ ಹಂಡೆಗೆ ಮುಳ್ಳಿರಲಿಲ್ಲ. ಅಡಿಕೆ ಸಿಪ್ಪೆ ಒಲೆಗೆ ತುರುಕಿ, ನೀರಿಗೆ ಬೆರಳದ್ದಿ, "ಬಿಸಿ ಆತು, ಬಾರೋ" ಅನ್ನುತ್ತಿದ್ದಳು. ಬಾಯಿ ತೆರೆದ ಹಂಡೆ. ಸಿಡಿಯುವ ಮಾತೇ ಇಲ್ಲ.

ಮುಳ್ಳು ಏನಾದರೂ ತೋರಿಸಲಿ ಬಿಡಿ. ಇವತ್ತು ಸ್ನಾನಕ್ಕೆ ಹೋದಾಗ ಗೀಸರಿನ ಕೆಳಗೊಮ್ಮೆ ಬಗ್ಗಿ ನೋಡಿ. ವಾಲ್ವ್‌ನ ಬಾಯಿಗೆ ಯಾರಾದರೂ ಡಮ್ಮಿ ಜಡಿದಿದ್ದರೆ ಸ್ವಿಚ್ ಆರಿಸಿ, ನೀರು ತಣ್ಣಗಾದ ಮೇಲೆ ತೆಗೆಸಿ.